ತನಿಖೆಯಮ್ಮನ ಎಡತೋಳು

ಆ ಬೀದಿಯಲ್ಲಿ ಹಾಲನ್ನು ಮೂಸಿ ನೋಡದೆ ಒಲೆಯ ಮೇಲಿಡುವ ಧೈರ್ಯವಂತರು ಬೇಕಾದಷ್ಟು ಜನ ಇದ್ದರು. ತನಿಖೆಯಮ್ಮ ಮಾತ್ರ ಆ ಸಾಲಿಗೆ ಸೇರಿದವಳಲ್ಲ. ಹಾಲು ಬಂದರೆ ಮೂಸಬೇಕು, ಬ್ರೆಡ್ಡು ಬಂದರೆ ಮಗುಚಿ ತಳ ನೋಡಬೇಕು, ಬಲ್ಬು ತಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಬೆಂಕಿಪೊಟ್ಟಣ ಕೊಂಡರೆ ಕಡ್ಡಿಗಳಿಗೆಲ್ಲ ತಲೆ ಇದೆಯೋ ಇಲ್ಲವೋ ನೋಡಿಕೊಳ್ಳದೆ ಅಂಗಡಿಯ ಮೆಟ್ಟಿಲು ಇಳಿದವಳೇ ಅಲ್ಲ. ಮಗ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ತಟ್ಟೆಯ ಮುಂದೆ ಕೂತು, "ತನಿಖೆ ಮುಗೀತೇನಮ್ಮ, ಇನ್ನು ತಿನ್ನಬಹುದಾ?" ಎಂದು ಕೇಳಿದ್ದು ಪಕ್ಕದ ಮನೆಯವರ ಕಿವಿಗೆ ಬಿತ್ತು. ಅಷ್ಟೇ, ಹೆತ್ತವರು ಆಸೆಪಟ್ಟು ಇಟ್ಟ ಹೆಸರು ಮೂಲೆ ಸೇರಿತು. ಹಾಗೆ ಕರೆದರೆ ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು.

ಅವಳ ಕಸುಬು ಕ್ರೀಮು ಮಾಡುವುದು. ಮುಖಕ್ಕೆ, ಕೈಗೆ, ಒಡೆದ ಹಿಮ್ಮಡಿಗೆ ಎಲ್ಲಕ್ಕೂ ಅದೊಂದೇ. ಚೆಂಡುಹೂವಿನ ಎಸಳನ್ನು ಎಳ್ಳೆಣ್ಣೆಯಲ್ಲಿ ನೆನೆಹಾಕಿ ಬಿಸಿಲಿಗಿಟ್ಟು, ಬಟ್ಟೆಯಲ್ಲಿ ಸೋಸಿ, ಜೇನುಮೇಣ ಕರಗಿಸಿ ಬೆರೆಸಿ, ಬಿಸಿ ಆರುತ್ತ ಬಂದಾಗ ಲವಂಗದ ಎಣ್ಣೆ ಬಿಟ್ಟು ಕಲಕಿದರೆ ಮುಗಿಯಿತು. ಒಂದು ಡಬ್ಬಿಯ ಬೆಲೆ ಎರಡು ಲೋಟ ಚಹಾದಷ್ಟು, ಖಾಲಿ ಗಾಜಿನ ಡಬ್ಬಿ ವಾಪಸು ತಂದರೆ ಅದಕ್ಕಿಂತಲೂ ಕಡಿಮೆ. ಕೊಳ್ಳುವವರು ಯಾರು ಅಂತೀರಿ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಗೋಡೆಗೆ ಸುಣ್ಣ ಬಳಿಯುವವರು, ಆಸ್ಪತ್ರೆಯ ಆಯಾಗಳು, ಹೀಗೆ ದಿನವಿಡೀ ನೀರಿನಲ್ಲೇ ಕೈಯಿಟ್ಟುಕೊಂಡು ಬದುಕುವ ಜನ. ದೊಡ್ಡ ಅಂಗಡಿಯ ಕಪಾಟಿನಲ್ಲಿ ಮಿಂಚುವ ಕ್ರೀಮುಗಳ ಬೆಲೆ ಕೇಳಿದರೆ ಕೈಯ ಜೊತೆ ಎದೆಯೂ ಒಡೆಯುತ್ತದೆ ಎನ್ನುವವರು. ಅಂಥವರು ತನಿಖೆಯಮ್ಮನ ಡಬ್ಬಿಯನ್ನು ಮರುಮಾತಿಲ್ಲದೆ ಕೊಳ್ಳುತ್ತಿದ್ದರು. ಲೋಕವನ್ನೇ ನಂಬದವಳು ಮಾಡಿದ್ದನ್ನು ನಾವು ಕಣ್ಣು ಮುಚ್ಚಿ ನಂಬಬಹುದು ಎನ್ನುವುದು ಅವರ ಲೆಕ್ಕಾಚಾರ.

ಆ ಸಂಶಯದ ಬುದ್ಧಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಹರೆಯದಲ್ಲಿ ಅವಳು ಒಂದು ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸೋಡಾ ನೀರು ಬೆರಳುಗಳ ಸಂದನ್ನೆಲ್ಲ ಸೀಳಿ, ಬಿಳಿ ಬಟ್ಟೆಯ ಮೇಲೆ ರಕ್ತದ ಗುರುತು ಬಿದ್ದು ಯಜಮಾನನಿಂದ ಬೈಸಿಕೊಂಡದ್ದೂ ಇತ್ತು. ಜೊತೆಗೆ ಅವಳಿಗೊಬ್ಬಳು ತಂಗಿ. ಆ ತಂಗಿ ಮನೆ ಬಾಗಿಲಿಗೆ ಬಂದ ಮಾರಾಟದವನ ಹತ್ತಿರ ಒಂದು ಕ್ರೀಮು ಕೊಂಡಳು. "ಬರೀ ಗಿಡಮೂಲಿಕೆ ತಾಯಿ, ಕಲಬೆರಕೆ ಅನ್ನೋ ಮಾತೇ ಇಲ್ಲ" ಎಂದು ಅವನು ಆಣೆ ಮಾಡಿದ್ದ. ಕೆಲವೇ ದಿನಗಳಲ್ಲಿ ಅವಳ ಮುಖ ತೊಳೆದಿಟ್ಟ ಬಟ್ಟಲಿನ ಹಾಗೆ ಹೊಳೆಯಿತು, ಕಂಡವರೆಲ್ಲ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಕೆಂಪೇರಿತು, ಬಿಸಿಲು ಸೋಕಿದರೆ ಸಾಕು ಉರಿ. ಅಕ್ಕತಂಗಿ ಇಬ್ಬರೂ ಹೋಗಿ ಮಾರಾಟದವನನ್ನು ಹಿಡಿದು ಕೇಳಿದರೆ, "ಬೇರೆ ಯಾರಿಗೂ ಹೀಗಾಗಿಲ್ಲ ತಾಯಿ, ನಿಮ್ಮ ಚರ್ಮದ್ದೇ ದೋಷ" ಎಂದು ಕೈ ತೊಳೆದುಕೊಂಡ. ಆ ಗಿಡಮೂಲಿಕೆಯಲ್ಲಿ ಕಜ್ಜಿಗೆ ಹಚ್ಚುವ ಕಡು ಮುಲಾಮು ಬೆರೆತಿತ್ತು ಎಂದು ಕೊನೆಗೆ ಹೇಳಿದ್ದು ವೈದ್ಯರು. ತಂಗಿ ಇಂದಿಗೂ ಮುಖಕ್ಕೆ ಶಾಲು ಮುಚ್ಚದೆ ಹಗಲಲ್ಲಿ ಹೊರಗೆ ಬರುವುದಿಲ್ಲ.

ಅವತ್ತೇ ತನಿಖೆಯಮ್ಮ ತನ್ನ ಕ್ರೀಮನ್ನು ತಾನೇ ಮಾಡಿಕೊಳ್ಳುವ ಹಟ ತೊಟ್ಟಳು. ಹಲ್ಲುನೋವಿಗೆ ಗಂಡ ತಂದಿಟ್ಟಿದ್ದ ಲವಂಗದ ಎಣ್ಣೆಯನ್ನು ಮೇಣಕ್ಕೆ ಬೆರೆಸಿ ಸೀಳಿದ ಬೆರಳಿಗೆ ಹಚ್ಚಿದರೆ ನೋವು ಇಳಿಯಿತು. ಲಾಂಡ್ರಿಯ ಹೆಂಗಸರು ತಮಗೂ ಕೊಡು ಎಂದರು. ಗಂಡ ಹೋದಮೇಲೆ ಅದೇ ಅನ್ನಕ್ಕೆ ದಾರಿಯಾಯಿತು. ನನ್ನ ಡಬ್ಬಿಯಿಂದ ಯಾವ ಹೆಣ್ಣಿಗೂ ತಂಗಿಯ ಗತಿ ಬರಬಾರದು ಎನ್ನುವುದೊಂದೇ ಅವಳ ವ್ರತ, ಮಿಕ್ಕ ವ್ರತಗಳಿಗೆಲ್ಲ ಅವಳು ಸೊಪ್ಪು ಹಾಕಿದವಳಲ್ಲ.

ಅದಕ್ಕಾಗಿ ಒಂದು ಕ್ರಮ ಇಟ್ಟುಕೊಂಡಿದ್ದಳು. ಪ್ರತಿ ಅಡುಗೆಯ ಕ್ರೀಮನ್ನೂ, ಅವಳು ಅದನ್ನು ಅಡುಗೆ ಎಂದೇ ಕರೆಯುತ್ತಿದ್ದುದು, ಮೊದಲು ಬಲಗೈ ಬೆರಳಲ್ಲಿ ತೆಗೆದು ಎಡ ಮೊಣಕೈಯ ಒಳಮಡಿಕೆಗೆ ಹಚ್ಚಿಕೊಳ್ಳುವುದು. ಅಲ್ಲಿನ ಚರ್ಮ ಮುಖದ ಚರ್ಮದಷ್ಟೇ ನಾಜೂಕು. ಹಚ್ಚಿದಾಗ ತುಸು ಚುರುಕ್ ಎನ್ನಬೇಕು, ಹಾಗೆಂದರೆ ಲವಂಗದ ಹದ ಸರಿಯಾಗಿದೆ ಎಂದರ್ಥ. ಚುರುಕ್ ಎನ್ನದಿದ್ದರೆ ಇನ್ನೊಂದು ಮುಚ್ಚಳ ಎಣ್ಣೆ ಬಿಟ್ಟು ಕಲಕುವುದು. ಮರುದಿನದವರೆಗೆ ಕಾದು, ಗಂದೆ ಏಳದಿದ್ದರೆ ಪಾತ್ರೆಯಿಂದ ನೇರವಾಗಿ ಒಂದು ಡಬ್ಬಿ ತುಂಬಿ ಮೇಲಿನ ಹಲಗೆಯ ಮೇಲಿಡುವುದು. ನಾಳೆ ಯಾರಾದರೂ ಕಾಲು ಕೆರೆದು ಜಗಳಕ್ಕೆ ಬಂದರೆ ಬೇಕು ಎಂದು ಇಟ್ಟ ಸಾಕ್ಷಿ ಡಬ್ಬಿ ಅದು. ಆಮೇಲಷ್ಟೇ ಮಿಕ್ಕಿದ್ದು ಮಾರಾಟಕ್ಕೆ.

ಇತ್ತೀಚಿನ ವರ್ಷಗಳಲ್ಲಿ ಚುರುಕ್ ಎನಿಸಲು ಬಹಳ ಎಣ್ಣೆ ಹಿಡಿಯುತ್ತಿತ್ತು. ಅದಕ್ಕೆ ಲವಂಗದ ಎಣ್ಣೆ ಮಾರುವವನೇ ಕಾರಣ ಎನ್ನುವುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಅವಳಿಗೆ ಸಂಶಯವಿಲ್ಲದ ವಿಷಯ ಲೋಕದಲ್ಲಿ ಅದೊಂದೇ ಇದ್ದಿರಬೇಕು. "ಏನಪ್ಪಾ, ಸತ್ವವೆಲ್ಲ ನೀನು ಹಿಂಡಿಕೊಂಡು ಪಿಪ್ಪಿ ನನಗೆ ಕೊಡ್ತೀಯಾ?" ಎಂದು ಅವನ ಮುಖಕ್ಕೆ ಹೇಳಿ ಬಂದಿದ್ದಳು. ಅವನು ಬಾಟಲಿಯ ಮುಚ್ಚಳ ತೆಗೆದು ತೋರಿಸಿದರೆ ಅಂಗಡಿಯ ಗಿರಾಕಿಗಳೆಲ್ಲ ಸೀನಿದರು. ಇವಳು ಮಾತ್ರ ಮೂಸಿ, ತಲೆಯಾಡಿಸಿ, "ನೀರು" ಎಂದಳು.

ಹಿಂದಿನ ಬೇಸಿಗೆಯಲ್ಲಿ ಮೂಲೆಮನೆಯ ಟೈಲರ್ ಹೆಂಗಸು ಬಂದಿದ್ದಳು. ಕೆನ್ನೆ ಎರಡೂ ಕೆಂಪಗೆ ಊದಿದ್ದವು. "ಅಕ್ಕ, ನಿಮ್ಮ ಕ್ರೀಮು ಹಚ್ಚಿದ್ದೇ ತಡ, ಉರಿ ತಡೆಯೋಕಾಗ್ಲಿಲ್ಲ" ಎಂದಳು. ತನಿಖೆಯಮ್ಮ ಅವಳನ್ನು ಒಳಗೂ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಎಡತೋಳು ಚಾಚಿ, "ನೋಡು. ಅದೇ ಪಾತ್ರೆಯದು ನಾನೂ ಹಚ್ಕೊಂಡಿದ್ದೀನಿ. ಗಂದೆ ಇದ್ಯಾ, ಕೆಂಪಿದ್ಯಾ? ಬೇರೆ ಯಾರೂ ಏನೂ ಅಂದಿಲ್ಲ. ನಿನ್ನ ಚರ್ಮದಲ್ಲೇ ಏನೋ ಇದೆ, ಇಲ್ಲಾ ಇದರ ಮೇಲೆ ಇನ್ನೇನೋ ಬಳ್ಕೊಂಡಿದ್ದೀಯ" ಎಂದಳು. ಟೈಲರ್ ಹೆಂಗಸು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಒಳಗಿದ್ದ ಸೊಸೆ ಮೆಲ್ಲಗೆ, "ಅತ್ತೆ, ನನಗೂ ಹಚ್ಚಿದ್ರೆ ಉರಿಯತ್ತೆ" ಎಂದಳು. "ನಿಂದು ಹೂವಿನ ಚರ್ಮ, ಗಾಳಿ ಬೀಸಿದ್ರೂ ಬಾಡತ್ತೆ. ಹೋಗಿ ಕೆಲಸ ನೋಡು" ಎಂಬ ಉತ್ತರ ಸಿಕ್ಕಿತು. ಸೊಸೆ ಮತ್ತೆ ಆ ಮಾತೆತ್ತಲಿಲ್ಲ.

ಸೊಸೆ ಮಾತು ಕಡಿಮೆಯ ಹುಡುಗಿ. ಮಗ ಲಾರಿ ಓಡಿಸುವವನು, ತಿಂಗಳಲ್ಲಿ ಅರ್ಧ ರಸ್ತೆಯ ಮೇಲೆಯೇ ಇರುತ್ತಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ, ಇರುವುದು ಎರಡು ಕೋಣೆ, ಒಂದು ಅಡುಗೆಮನೆ, ನಲ್ಲಿ ಮತ್ತು ಒಗೆಯುವ ಕಲ್ಲು ಇರುವ ಪುಟ್ಟ ಹಿತ್ತಿಲು. ವಟವಟ ಎನ್ನುವವರನ್ನಾದರೆ ತನಿಖೆಯಮ್ಮ ಅರ್ಧ ನಂಬುತ್ತಿದ್ದಳು, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದೇ ಬರುತ್ತದಲ್ಲ. ಬಾಯಿಗೆ ಬೀಗ ಹಾಕಿಕೊಂಡವರನ್ನು ಕಂಡರೆ ಅವಳ ಕಿವಿ ನೆಟ್ಟಗಾಗುತ್ತಿತ್ತು. ಆದರೂ ಮಣಿಕಟ್ಟು ನಡುಗಲು ಶುರುವಾದ ಮೇಲೆ ಡಬ್ಬಿ ತುಂಬುವ ಕೆಲಸವನ್ನು ಸೊಸೆಗೆ ಬಿಟ್ಟುಕೊಡದೆ ವಿಧಿಯಿರಲಿಲ್ಲ.

ಆಗಿನಿಂದ ಶುರುವಾಯಿತು ನೋಡಿ. ಯಾವತ್ತೋ ಕ್ರೀಮು ಬಿಟ್ಟಿದ್ದ ಹೋಟೆಲಿನ ಹೆಂಗಸು ಮತ್ತೆ ಬಂದಳು. ಬಂದವಳು ಅಂಗೈ ಬಿಚ್ಚಿ, "ನನ್ನ ಗೆಳತಿ ಡಬ್ಬಿಯಿಂದ ಹಚ್ಕೊಂಡೆ ಅಮ್ಮ, ಒಂದೇ ವಾರಕ್ಕೆ ಸೀಳೆಲ್ಲ ಮುಚ್ಚಿದೆ. ಮೊದಲಿನ ಹಾಗಿಲ್ಲ ಈಗಿಂದು" ಎಂದಳು. ಇನ್ನೊಬ್ಬಳು, "ಏನು ಹಾಕ್ತಿದ್ದೀರ ಈಚೆಗೆ? ಬೆಣ್ಣೆ ಹಾಗಿದೆ" ಎಂದಳು. ಹೊಗಳಿಕೆ ಕೇಳಿದರೆ ಬೇರೆಯವರು ಹಿಗ್ಗುತ್ತಾರೆ. ತನಿಖೆಯಮ್ಮ ಹೆದರಿದಳು. ಕ್ರೀಮು ಮಾಡುವ ರೀತಿಯಲ್ಲಿ ಅವಳು ಏನನ್ನೂ ಬದಲಿಸಿರಲಿಲ್ಲ. ಬದಲಿಸದ ಕ್ರೀಮು ಇದ್ದಕ್ಕಿದ್ದಂತೆ ಒಂದೇ ವಾರದಲ್ಲಿ ಸೀಳು ಮುಚ್ಚಲು ಹೇಗೆ ಕಲಿಯಿತು? ತಂಗಿಯ ಮುಖ ಹೊಳೆದಾಗಲೂ ಎಲ್ಲರೂ ಹೀಗೇ ಹೊಗಳಿದ್ದರು.

ಒಂದು ಸಲ ತಲೆಯಲ್ಲಿ ಹುಳ ಹೊಕ್ಕಿತೆಂದರೆ ಮುಗಿಯಿತು, ಅದು ಸುಮ್ಮನೆ ಕೂರುವ ಹುಳವಲ್ಲ. ಡಬ್ಬಿಗಳ ಕಡೆ ಕಣ್ಣು ಹೋಯಿತು. ಅದೇ ಪಾತ್ರೆ, ಅದೇ ಅಳತೆ, ಆದರೆ ಹಲಗೆಯ ಮೇಲಿನ ಡಬ್ಬಿಗಳ ಸಾಲು ಉದ್ದವಾಗಿತ್ತು. ಎಳ್ಳೆಣ್ಣೆಯ ಕ್ಯಾನು ಮಾತ್ರ ಬೇಗ ಬೇಗ ಬರಿದಾಗುತ್ತಿತ್ತು. ಸೊಸೆಯ ಕಡೆ ಕಣ್ಣು ಹೋಯಿತು. ಬೆವರು ಇಳಿಯುವ ಸೆಕೆಯಲ್ಲೂ ಅವಳು ಮಣಿಕಟ್ಟಿನವರೆಗೆ ಬರುವ ತುಂಬುತೋಳಿನ ಅಂಗಿ ತೊಡುತ್ತಿದ್ದಳು. "ಸೆಕೆ ಆಗಲ್ವೇನೇ?" ಎಂದರೆ, "ಅಭ್ಯಾಸ ಅತ್ತೆ" ಎಂದಳು. ಮದುವೆಯಾಗಿ ಬಂದಾಗ ಇಲ್ಲದ ಅಭ್ಯಾಸ ಇದು.

ಇನ್ನೊಂದು ದಿನ ಮೇಣ ಸುರಿಯುವಾಗ ಅತ್ತೆಯ ಕೈ ನಡುಗಿ ಬಿಸಿ ಹನಿಯೊಂದು ಎಡತೋಳಿನ ಮಡಿಕೆಗೆ ಬಿತ್ತು. ತನಿಖೆಯಮ್ಮನ ಗಮನವೆಲ್ಲ ಪಾತ್ರೆಯ ಮೇಲಿತ್ತು. ತಲೆಯೆತ್ತಿದರೆ ಸೊಸೆ ಅವಳ ತೋಳನ್ನೇ ದಿಟ್ಟಿಸುತ್ತಿದ್ದಳು. ನೋಡಿ ನೋಡಿ, ಏನೋ ಲೆಕ್ಕ ಹಾಕಿದವಳ ಹಾಗೆ ಕಣ್ಣು ತಿರುಗಿಸಿದಳು. ಕಳ್ಳ ನೋಟ, ಅನುಮಾನವೇ ಇಲ್ಲ ಎಂದುಕೊಂಡಳು ಅತ್ತೆ. ತೋಳಿನ ಮೇಲಿನ ಮೇಣವನ್ನು ಉಗುರಿನಿಂದ ಕೆರೆದು ಎಸೆದಳು.

ಆಮೇಲೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಸೊಸೆ ಸ್ನಾನಕ್ಕೆ ಹೋದಾಗ ಕೋಣೆ ಹೊಕ್ಕು ದಿಂಬಿನ ಕೆಳಗೆ ನೋಡಿದಳು, ಟ್ರಂಕಿನ ಮುಚ್ಚಳ ಎತ್ತಿದಳು. ಮಾಡುವುದು ಸರಿಯಲ್ಲ ಎಂದು ಗೊತ್ತಿತ್ತು, ಗೊತ್ತಿದ್ದೇ ಮಾಡಿದಳು. ಗುಂಡಿ ದಾರಗಳ ತಗಡಿನ ಡಬ್ಬಿಯ ತಳದಲ್ಲಿ, ಕಾಗದದಲ್ಲಿ ಸುತ್ತಿದ ಒಂದು ಟ್ಯೂಬು ಸಿಕ್ಕಿತು. ಔಷಧಿ ಅಂಗಡಿಯದು, ಕಜ್ಜಿಗೆ ಹಚ್ಚುವ ಮುಲಾಮು. ತಂಗಿಯ ಮುಖ ನೋಡಿ ವೈದ್ಯರು ಹೆಸರು ಹೇಳಿದ್ದ ಜಾತಿಯದೇ. ಬುಡದಿಂದ ಸುರುಳಿ ಸುತ್ತಿ ಅರ್ಧ ಹಿಂಡಿದ್ದರು. ತನಿಖೆಯಮ್ಮ ಮಂಚದ ಅಂಚಿನಲ್ಲಿ ಕೂತಳು. ಸಂಶಯಪಟ್ಟು ಸಂಶಯಪಟ್ಟು ಬದುಕಿಡೀ ಕಾದದ್ದು ಕೊನೆಗೆ ತನ್ನ ಮನೆಯ ಗುಂಡಿ ಡಬ್ಬಿಯಲ್ಲೇ ಸಿಕ್ಕಿದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಟ್ಯೂಬನ್ನು ಇದ್ದ ಹಾಗೇ ಇಟ್ಟು ಹೊರಗೆ ಬಂದಳು. ಒಂದು ಟ್ಯೂಬು ಸಾಲದು, ಕೈ ಕೆಸರಾಗಿರುವಾಗಲೇ ಹಿಡಿಯಬೇಕು.

ಅದಕ್ಕೂ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಹೊಸ ಅಡುಗೆ ಆಗಿತ್ತು. ಪರೀಕ್ಷೆ ಮುಗಿದು ತೋಳು ಪಾಸು ಮಾಡಿತ್ತು, ಸಾಕ್ಷಿ ಡಬ್ಬಿ ಹಲಗೆ ಏರಿತ್ತು. ಊಟವಾದ ಮೇಲೆ ತನಿಖೆಯಮ್ಮ ಅಡ್ಡಾಗುವ ನಾಟಕ ಆಡಿ ಸಣ್ಣಗೆ ಗೊರಕೆಯನ್ನೂ ಹೊಡೆದಳು. ಹಿತ್ತಿಲಲ್ಲಿ ಸ್ಟವ್ ಹತ್ತಿದ ಸದ್ದು ಕೇಳಿತು. ಕಿಟಕಿಯ ಸಂದಿಯಿಂದ ನೋಡಿದಳು. ಸೊಸೆ ಮಾರಾಟಕ್ಕೆ ಹೋಗಬೇಕಾದ ಕ್ರೀಮನ್ನು ಪಾತ್ರೆಯಲ್ಲೇ ಮತ್ತೆ ಕರಗಿಸುತ್ತಿದ್ದಳು. ಒಗೆಯುವ ಕಲ್ಲಿನ ಮರೆಯಿಂದ ಮುಚ್ಚಿಟ್ಟ ಇನ್ನೊಂದು ಪಾತ್ರೆ ತೆಗೆದು, ಅದರಲ್ಲಿದ್ದುದನ್ನು ಇದಕ್ಕೆ ಸುರಿದು ಕಲಕತೊಡಗಿದಳು. ಪರೀಕ್ಷೆ ಆದಮೇಲೆ ಕಲಬೆರಕೆ.

ಅಷ್ಟರಲ್ಲಿ ಬಾಗಿಲು ತಟ್ಟಿದ್ದು ಆಸ್ಪತ್ರೆಯ ನರ್ಸಮ್ಮ. ಅವಳು ಹಳೆಯ ಗಿರಾಕಿ. ಚಪ್ಪಲಿ ಬಿಡುತ್ತಲೇ, "ಅಮ್ಮ, ನಮ್ಮ ವಾರ್ಡಿನವರೆಲ್ಲ ಕೇಳ್ತಿದ್ದಾರೆ. ದಿನಕ್ಕೆ ಎಷ್ಟು ಸಲ ಕೈ ತೊಳೀತೀವಿ, ಎಲ್ಲರದ್ದೂ ಒಡೆದಿದೆ. ಈಗ ಎಷ್ಟಿದ್ರೂ ಅಷ್ಟೂ ಕೊಡಿ" ಎಂದಳು. ಬೇರೆ ದಿನವಾಗಿದ್ದರೆ ತನಿಖೆಯಮ್ಮ ಕೂರಲು ಹೇಳಿ ಚಹಾ ಕಾಸುತ್ತಿದ್ದಳು. ಇವತ್ತು ಆಸ್ಪತ್ರೆ ತುಂಬ ಶಾಲು ಮುಚ್ಚಿಕೊಂಡ ಮುಖಗಳು ಕಣ್ಣಿಗೆ ಕಟ್ಟಿದವು.

"ಒಂದು ಡಬ್ಬಿನೂ ಕೊಡಲ್ಲ ನರ್ಸಮ್ಮ. ಬಂದಿದ್ದು ಒಳ್ಳೇದೇ ಆಯ್ತು. ನೀವೇ ಸಾಕ್ಷಿ, ಕೂತ್ಕೊಳ್ಳಿ."

ಹಿತ್ತಿಲಿಗೆ ಹೋಗಿ ಪಾತ್ರೆಗಳ ಸಮೇತ ಸೊಸೆಯನ್ನು ನಡುಮನೆಗೆ ಕರೆತಂದಳು. ಕೋಣೆಯಿಂದ ಟ್ಯೂಬು ತಂದು ನೆಲದ ಮೇಲಿಟ್ಟಳು. ಅವಳ ದನಿ ಏರಲಿಲ್ಲ, ಏರಿದ್ದರೇ ಚೆನ್ನಾಗಿತ್ತು.

"ಇದು ಏನು ಅಂತ ನನಗೆ ಗೊತ್ತು. ಯಾಕೆ ಅಂತ ನೀನು ಹೇಳು. ನನ್ನ ತಂಗಿ ಕಥೆ ನೂರು ಸಲ ಕೇಳಿದ್ದೀಯ. ಕೇಳಿನೂ ಇದನ್ನ ನನ್ನ ಪಾತ್ರೆಗೆ ಹಿಂಡಿದೆಯಲ್ಲ, ಮನಸ್ಸಾದ್ರೂ ಹೇಗೆ ಬಂತು? ನಿನ್ನ ಗಂಡ ಬರ್ಲಿ. ಈ ಮನೇಲಿ ಇನ್ನು ನೀನಾದ್ರೂ ಇರಬೇಕು, ನಾನಾದ್ರೂ ಇರಬೇಕು."

ನರ್ಸಮ್ಮ ಟ್ಯೂಬು ಎತ್ತಿ ತಿರುಗಿಸಿ ನೋಡಿದಳು. "ಅಮ್ಮ, ಇದು ಅಂಥ ಮುಲಾಮೇ ಹೌದು. ಆದ್ರೆ ಇಷ್ಟು ಚಿಕ್ಕ ಟ್ಯೂಬಲ್ಲಿ ಅರ್ಧ. ಇಷ್ಟು ದೊಡ್ಡ ಪಾತ್ರೆಗೆ ಹಿಂಡಿದ್ರೆ ಯಾವ ಮೂಲೆಗೂ ಸಾಲಲ್ಲ" ಎಂದು ಸೊಸೆಯ ಕಡೆ ತಿರುಗಿದಳು. "ಇದನ್ನ ನೀನು ಎಲ್ಲಿಗೆ ಹಚ್ತಿದ್ದೀಯ?"

ಸೊಸೆ ಅಂಗಿಯ ಎಡಗೈಯ ಗುಂಡಿ ಬಿಚ್ಚಿ ತೋಳನ್ನು ಮೇಲಕ್ಕೆ ಮಡಚಿದಳು. ಮೊಣಕೈಯ ಒಳಮಡಿಕೆಯಲ್ಲಿ ಹಳೆಯ ಕಪ್ಪು ಕಲೆಗಳ ಮೇಲೆ ಹೊಸ ಕೆಂಪು, ಕೆಂಪಿನ ಅಂಚಿನಲ್ಲಿ ಸುಲಿದ ಸಿಪ್ಪೆ. ಬಲದ ತೋಳನ್ನೂ ಮಡಚಿದಳು, ಅಲ್ಲಿಯೂ ಅದೇ.

"ಯಾವುದು ಹಚ್ಚಿ ಹೀಗಾಯ್ತು?" ಎಂದಳು ನರ್ಸಮ್ಮ.

"ಅತ್ತೆ ಮಾಡಿದ ಕ್ರೀಮು."

"ಸುಳ್ಳು" ಎಂದಳು ತನಿಖೆಯಮ್ಮ. "ನನ್ನ ತೋಳು ನೋಡು."

"ನೋಡಿದ್ದೀನಿ ಅತ್ತೆ. ಕುದಿಯೋ ಮೇಣ ಬಿತ್ತು, ನೀವು ಕೈ ಹಿಂದೆ ತಗೊಳ್ಳಲಿಲ್ಲ. ನಿಮಗೆ ಬಿದ್ದಿದ್ದೇ ಗೊತ್ತಾಗ್ಲಿಲ್ಲ. ಯಾಕೆ ನಿಮಗೆ ಮಾತ್ರ ಉರಿಯಲ್ಲ ಅಂತ ಆವಾಗ ನನಗೆ ಅರ್ಥ ಆಯ್ತು." ಬಾಯಿ ಬಿಟ್ಟ ಮೇಲೆ ಸೊಸೆ ನಿಲ್ಲಿಸಲಿಲ್ಲ. "ನಿಮಗೆ ಚುರುಕ್ ಅನ್ನಲ್ಲ ಅಂತ ಒಂದೊಂದೇ ಮುಚ್ಚಳ ಜಾಸ್ತಿ ಬಿಡ್ತಾ ಬಂದ್ರಿ. ಎಣ್ಣೆಯವನದ್ದು ತಪ್ಪಿಲ್ಲ. ಔಷಧ ಗಿವುಷಧ ಏನೂ ಹಾಕಿಲ್ಲ ನಾನು. ಉಪ್ಪು ಜಾಸ್ತಿಯಾದ್ರೆ ನೀರು ಬೆರೆಸಲ್ವಾ, ಹಾಗೆ ಲವಂಗ ಇಲ್ಲದ ಎಣ್ಣೆ, ಮೇಣ ಬೇರೆ ಕಾಸಿ ಬೆರೆಸ್ತೀನಿ. ಎಷ್ಟು ಬೆರೆಸಬೇಕು ಅಂತ ತಿಳ್ಕೊಳ್ಳೋಕೆ ಪ್ರತಿ ಸಲ ಮೊದಲು ನಿಮ್ಮದನ್ನ ನಾನು ಹಚ್ಕೋಬೇಕಲ್ಲ. ಉರಿ ತಡೆಯೋಕಾಗದೆ ಹೋದಾಗ ಆ ಟ್ಯೂಬು."

"ಹಾಗಿದ್ರೆ ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ದೆ. ಹೂವಿನ ಚರ್ಮ ಅಂದ್ರಿ."

ತನಿಖೆಯಮ್ಮನಿಗೆ ನಂಬಿಕೆ ಬರಲಿಲ್ಲ. ಅಷ್ಟು ಸುಲಭವಾಗಿ ನಂಬುವವಳಾಗಿದ್ದರೆ ಅವಳಿಗೆ ಆ ಹೆಸರು ಬರುತ್ತಲೇ ಇರಲಿಲ್ಲ. ಇಬ್ಬರೂ ಸೇರಿ ಕಥೆ ಕಟ್ಟಿದ್ದರೂ ಕಟ್ಟಿರಬಹುದು, ನರ್ಸಮ್ಮನಿಗೆ ಹೇಗೂ ಡಬ್ಬಿ ಬೇಕಾಗಿದೆ. ಅವಳು ಸ್ಟೂಲು ಎಳೆದು ಹತ್ತಿ ಮೇಲಿನ ಹಲಗೆಯಿಂದ ಈ ಅಡುಗೆಯ ಸಾಕ್ಷಿ ಡಬ್ಬಿ ಇಳಿಸಿದಳು. ಅದನ್ನು ಅವಳಲ್ಲದೆ ಬೇರೆ ಯಾರೂ ಮುಟ್ಟಿರಲಿಲ್ಲ. ಬೆರಳ ತುಂಬ ತೆಗೆದು ಎಡತೋಳಿಗೆ ತಿಕ್ಕಿಕೊಂಡು, "ನೋಡಿ. ಬರೀ ಒಂಚೂರು ಬೆಚ್ಚಗೆ. ಎಲ್ಲಿದೆ ಉರಿ?" ಎಂದು ಇಬ್ಬರ ಮುಂದೆ ಚಾಚಿದಳು.

"ಅಮ್ಮ," ಎಂದಳು ನರ್ಸಮ್ಮ, "ಕಣ್ಣು ಮುಚ್ಚಿ ಸ್ವಲ್ಪ." ಮೇಜಿನ ಮೇಲಿದ್ದ ಬಾಚಣಿಗೆಯ ಹಲ್ಲನ್ನು ಆ ಮಡಿಕೆಗೆ ಒತ್ತಿದಳು. "ಏನಾದ್ರೂ ಗೊತ್ತಾಗತ್ತಾ?"

"ಯಾವಾಗ ಮುಟ್ತೀರಿ?" ಎಂದಳು ತನಿಖೆಯಮ್ಮ.

ಅವಳು ಕಣ್ಣು ತೆರೆದಳು. ಬಾಚಣಿಗೆ ಇನ್ನೂ ತೋಳಿನ ಮೇಲೆಯೇ ಇತ್ತು, ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ಹಲ್ಲುನೋವನ್ನು ಮಲಗಿಸುವ ಎಣ್ಣೆಯಿದು, ಇಷ್ಟು ವರ್ಷ ಒಂದೇ ಜಾಗಕ್ಕೆ ತಿಕ್ಕಿದರೆ ಚರ್ಮವನ್ನು ಮಲಗಿಸದೆ ಬಿಡುತ್ತದೆಯೇ. ಅವಳಿಗೆ ಹೊಳೆಯದಿದ್ದದ್ದು ಅದೊಂದೇ. ಹಾಲನ್ನು, ಬ್ರೆಡ್ಡನ್ನು, ಎಣ್ಣೆಯವನನ್ನು, ಟೈಲರ್ ಹೆಂಗಸಿನ ಕೆನ್ನೆಯನ್ನು, ಸೊಸೆಯ ಅಂಗಿಯನ್ನು ಅನುಮಾನಿಸಿದ್ದಳು. ಈ ತೋಳನ್ನು ಒಂದು ದಿನವೂ ಅನುಮಾನಿಸಿರಲಿಲ್ಲ.

ಅವಳು ಎಡಗೈಯಿಂದ ಡಬ್ಬಿಗೆ ಬೆರಳಿಟ್ಟು ಬಲತೋಳಿನ ಮಡಿಕೆಗೆ ಹಚ್ಚಿದಳು. ಆ ತೋಳಿಗೆ ಅದು ಮೊದಲನೇ ಸಲ. ಮೊದಲು ಬೆಚ್ಚಗಾಯಿತು. ಆಮೇಲೆ ಮೆಣಸಿನಕಾಯಿ ತಿಕ್ಕಿದ ಹಾಗೆ ಉರಿ ಹತ್ತಿ, ಭುಜದವರೆಗೆ ಏರಿತು. ಕಣ್ಣಲ್ಲಿ ನೀರು ಬಂತು. ಸೊಸೆ ಒದ್ದೆ ಬಟ್ಟೆ ತರಲು ಎದ್ದರೆ, "ಕೂತ್ಕೊ. ಒರೆಸಬೇಡ" ಎಂದಳು.

ಉರಿಯುವ ತೋಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಳು. ಟೈಲರ್ ಹೆಂಗಸು ಹೊಸ್ತಿಲ ಮೇಲೆ ಡಬ್ಬಿ ಇಟ್ಟು ತಿರುಗಿದ್ದು ಕಂಡಿತು. ಇದೇ ಉರಿಯನ್ನು ಅವಳು ಕೆನ್ನೆಯ ಮೇಲೆ ಹೊತ್ತು ಬಂದಿದ್ದಳು. ಬೇರೆ ಯಾರೂ ಏನೂ ಅಂದಿಲ್ಲ, ನಿನ್ನ ಚರ್ಮದಲ್ಲೇ ಏನೋ ಇದೆ. ಈ ಮಾತನ್ನು ತಾನು ಮೊದಲು ಎಲ್ಲಿ ಕೇಳಿದ್ದು ಎಂದು ತನಿಖೆಯಮ್ಮನಿಗೆ ನೆನಪಾಯಿತು. ತಂಗಿಯ ಕೈ ಹಿಡಿದುಕೊಂಡು ನಿಂತಿದ್ದಳು, ಮಾರಾಟದವನು ಗಂಟು ಕಟ್ಟುತ್ತ ಹೇಳಿದ್ದ. ಅವನನ್ನು ಜೀವಮಾನವಿಡೀ ಶಪಿಸಿದ್ದಳು. ಈಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ನರ್ಸಮ್ಮ ಎದುರಿಗಿದ್ದಾಳೆ ಎನ್ನುವುದನ್ನೂ ಮರೆತು ಅತ್ತುಬಿಟ್ಟಳು.

ಉರಿ ತಾನಾಗಿ ಇಳಿಯುವವರೆಗೂ ಅವಳು ಬಟ್ಟೆ ಮುಟ್ಟಲಿಲ್ಲ. ಆಮೇಲೆ ಸೊಸೆಯನ್ನು ಹತ್ತಿರ ಕರೆದು ಅವಳ ಎರಡೂ ತೋಳನ್ನು ಬೆಳಕಿಗೆ ಹಿಡಿದು ನೋಡಿದಳು, ಹಾಲು ನೋಡುವಷ್ಟೇ ಹೊತ್ತು, ಅಷ್ಟೇ ಹತ್ತಿರದಿಂದ. ಮಡಚಿದ ಅಂಗಿಯ ತೋಳನ್ನು ತಾನೇ ಇಳಿಸಿ ಗುಂಡಿ ಹಾಕಲು ಹೋದಳು. ನಡುಗುವ ಬೆರಳಿಗೆ ಗುಂಡಿ ಸಿಕ್ಕಲಿಲ್ಲ.

"ಇನ್ಮೇಲೆ ನಿನ್ನ ತೋಳು ಬೇಡ ಕಣೇ. ನನಗಿನ್ನೊಂದು ಇದೆ."

"ಅದೂ ಹೀಗೇ ಮರಗಟ್ಟಿದ್ರೆ ಅತ್ತೆ?"

"ಆವಾಗ ಬಾಯಿ ಬಿಟ್ಟು ಹೇಳು. ನಾನು ಬೈತೀನಿ. ಬೈದ್ರೂ ಹೇಳು."

ನರ್ಸಮ್ಮ ಮೂಗು ಒರೆಸಿಕೊಂಡು, "ಅಲ್ಲಮ್ಮ, ನನ್ನ ಡಬ್ಬಿಗಳು?" ಎಂದಳು. ಸೊಸೆ ಬೆರೆಸಿದ ಪಾತ್ರೆಯನ್ನು ತನಿಖೆಯಮ್ಮ ಮುಂದಕ್ಕೆ ಎಳೆದುಕೊಂಡು ಬಲತೋಳಿನ ಉರಿಯದ ಜಾಗಕ್ಕೆ ಒಂದಿಷ್ಟು ಹಚ್ಚಿಕೊಂಡಳು. "ನಾಳೆ ಬನ್ನಿ" ಎಂದಳು. "ಸೊಸೆ ಮಾಡಿದ್ದು ಅಂತ ಪರೀಕ್ಷೆ ಬಿಡೋಕಾಗತ್ತಾ?"

ಮರುದಿನ ತೋಳಿನಲ್ಲಿ ಗಂದೆ ಏಳಲಿಲ್ಲ. ನರ್ಸಮ್ಮ ಬಂದು ಕೊಂಡುಹೋದ ಮೇಲೆ ತನಿಖೆಯಮ್ಮ ಒಂದು ಡಬ್ಬಿ ಎತ್ತಿಕೊಂಡು ಮೂಲೆಮನೆಗೆ ನಡೆದಳು. ಟೈಲರ್ ಹೆಂಗಸು ಹೊಲಿಗೆಯಂತ್ರದ ಮುಂದೆ ಕೂತಿದ್ದಳು. ಕಂಡೂ ಕಾಣದವಳ ಹಾಗೆ ಹೊಲಿಗೆಯ ಸಾಲು ಮುಗಿಯುವವರೆಗೂ ಚಕ್ರ ತಿರುಗಿಸಿದಳು. ಬಾಗಿಲ ಹೊರಗೇ ನಿಂತು ತನಿಖೆಯಮ್ಮ, "ತಪ್ಪು ನನ್ನ ಕ್ರೀಮಿಂದೇ, ನಿನ್ನ ಚರ್ಮದ್ದಲ್ಲ" ಎಂದಳು. "ಅವತ್ತು ನಿನ್ನನ್ನ ಒಳಗೂ ಕರೀಲಿಲ್ಲ ನಾನು. ಇದು ಬೇರೆ ಥರ ಮಾಡಿದ್ದು. ದುಡ್ಡು ಬೇಡ."

ಟೈಲರ್ ಹೆಂಗಸು ಡಬ್ಬಿ ತೆಗೆದುಕೊಂಡಳು. ಮುಚ್ಚಳ ಬಿಚ್ಚಿ ಮೂಸಿದಳು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಮಗುಚಿ ತಳ ನೋಡಿದಳು. ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ತೆಗೆದು, ಉಗುರಿನಷ್ಟು ಕ್ರೀಮನ್ನು ಮೊಣಕೈಯ ಒಳಗೆ ಹಚ್ಚಿಕೊಂಡು ಮತ್ತೆ ಮೂಸಿದಳು. ಅಷ್ಟೂ ಹೊತ್ತು ತನಿಖೆಯಮ್ಮ ಕೈಕಟ್ಟಿಕೊಂಡು, ಬಿಸಿಲಲ್ಲಿ, ಮಾರಾಟಕ್ಕೆ ಬಂದವಳ ಹಾಗೆ ನಿಂತಿದ್ದಳು.

"ಒಂದು ದಿನ ನೋಡ್ತೀನಿ" ಎಂದಳು ಟೈಲರ್ ಹೆಂಗಸು. "ಉರಿದ್ರೆ ಡಬ್ಬಿ ನಿಮ್ಮ ಹೊಸ್ತಿಲ ಮೇಲಿರತ್ತೆ."

"ಹಾಗೇ ಮಾಡು. ಉರಿದ್ರೆ ಮಾತ್ರ ಇಟ್ಟು ಹೋಗಬೇಡ, ಒಳಗೆ ಬಂದು ಹೇಳು" ಎಂದು ತನಿಖೆಯಮ್ಮ ಮೆಟ್ಟಿಲು ಇಳಿದಳು.